ಎಷ್ಟು ಮನೆ ಅಂತ ಹೇಳದವರಿಗೆ ತಂತಿ ಕೊಡಬೇಡಿ

ಪಿಟೀಲಿಗೆ ಒಳ್ಳೆಯ ತಂತಿ ಯಾವುದು ಅಂತ ಕೇಳುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಚನ್ನಗಿರಿಯ ಅಂಗಡಿ ಮುಚ್ಚಿ ಎರಡು ವರ್ಷವಾಯಿತು. ಕೈ ನಡುಗುತ್ತದೆ, ಬಿರಡೆಯ ತೂತಿಗೆ ತಂತಿ ಪೋಣಿಸಲು ಎರಡು ಕನ್ನಡಕ ಬೇಕು. ಆದರೂ ಮನೆ ಹುಡುಕಿಕೊಂಡು ಬರುತ್ತಾರೆ. ಬಂದವರು ಪಿಟೀಲು ಯಾರಿಗೆ, ಯಾರ ಜೊತೆ ನುಡಿಸುತ್ತಾರೆ, ಒಂದೂ ಹೇಳುವುದಿಲ್ಲ. "ಚಲೋ ತಂತಿ ಯಾವುದ್ರೀ ರುದ್ರಣ್ಣ?" ಅಷ್ಟೇ. ಚಪ್ಪಲಿ ಅಂಗಡಿಗೆ ಹೋಗಿ ಕಾಲು ತೋರಿಸದೆ ಚಲೋ ಚಪ್ಪಲಿ ಕೊಡಿ ಅಂದರೆ ಅವನಾದರೂ ಏನು ಕೊಟ್ಟಾನು?

ಮೊನ್ನೆ ಒಬ್ಬಳು ಹುಡುಗಿ ಬಂದಿದ್ದಳು. ವಾದ್ಯದ ರಿಪೇರಿ ಕಲಿತಿದ್ದಾಳಂತೆ, ಹೊನ್ನಾಳಿಯಲ್ಲಿ ಅಂಗಡಿ ಇಡುತ್ತಾಳಂತೆ. ಏನಾದರೂ ಬರೆದುಕೊಡಿ ಅಂದಳು. ಬರೆಯುತ್ತಿದ್ದೇನೆ. ಇದರಲ್ಲಿ ಬುದ್ಧಿಮಾತಿಗಿಂತ ಬೈಗುಳವೇ ಹೆಚ್ಚಿದ್ದರೆ ಓದುವವರು ಬೇಸರ ಮಾಡಿಕೊಳ್ಳಬಾರದು. ನಲವತ್ತು ವರ್ಷ ಗಿರಾಕಿಗಳ ಮುಂದೆ ನುಂಗಿಕೊಂಡದ್ದು ಈಗ ಹೊರಗೆ ಬರುತ್ತಿದೆ.

ವಿದ್ಯೆ ಇರುವುದು ಇಷ್ಟೇ. ಹಾಡುವವರ ಕಂಠ ಯಾವ ಎತ್ತರಕ್ಕೆ ನಿಲ್ಲುತ್ತದೋ ಅದನ್ನು ನಾವು ಹಾರ್ಮೋನಿಯಂನ ಲೆಕ್ಕದಲ್ಲಿ ಮನೆ ಅನ್ನುತ್ತೇವೆ. ಗಂಡಸರದು ಸಾಮಾನ್ಯವಾಗಿ ಒಂದು ಮನೆಯಿಂದ ಎರಡೂವರೆ, ಹೆಂಗಸರದು ನಾಲ್ಕರಿಂದ ಐದೂವರೆ, ಆರು. ಪಿಟೀಲಿನ ನಾಲ್ಕೂ ತಂತಿಯ ಶ್ರುತಿಯನ್ನು ಆ ಮನೆಗೆ ಕೂಡಿಸಬೇಕು. ಏರಿದ ಮನೆಗೆ ತೆಳ್ಳನೆಯ ತಂತಿ, ಇಳಿದ ಮನೆಗೆ ದಪ್ಪ ತಂತಿ. ತೆಳ್ಳನೆಯದನ್ನು ಇಳಿಸಿ ಕಟ್ಟಿದರೆ ಸಡಿಲ ಬೀಳುತ್ತದೆ, ಕಮಾನು ಒತ್ತಿದಾಗಲೆಲ್ಲ ಸ್ವರ ಮೇಲಕ್ಕೆ ಜಾರಿ ಕೊಯ್‌ಗುಟ್ಟುತ್ತದೆ. ದಪ್ಪನೆಯದನ್ನು ಏರಿಸಿದರೆ ತಂತಿಯನ್ನು ಹೊತ್ತ ಕುದುರೆ ಬಾಗುತ್ತದೆ, ಕೊನೆಗೆ ತಂತಿ ಪಟ್ ಅಂತ ಹರಿಯುತ್ತದೆ. ಆದ್ದರಿಂದ ಗಿರಾಕಿ ಬಾಯಿ ಬಿಡುವ ಮೊದಲೇ ನಾವು ಕೇಳಬೇಕಾದ್ದು ಒಂದೇ ಪ್ರಶ್ನೆ: ಎಷ್ಟು ಮನೆ?

ಇದನ್ನು ನನಗೆ ಕಲಿಸಿದವರು ಇಮಾಂಸಾಬರು. ಹಾರ್ಮೋನಿಯಂ ರಿಪೇರಿಯಲ್ಲಿ ಅವರ ಕೈ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಅವರ ಹತ್ತಿರ ಸೇರಿದ ಹೊಸದರಲ್ಲಿ ನಾನು ಒಬ್ಬರಿಗೆ ಏನೂ ಕೇಳದೆ ದಪ್ಪ ತಂತಿ ಕಟ್ಟಿಕೊಟ್ಟೆ. ಆ ಗಿರಾಕಿಯ ಮಗಳು ಹಾಡುವುದು ಆರು ಮನೆಗೆ. ವಾರದೊಳಗೆ ಕೆನ್ನೆಯ ಮೇಲೆ ಬಾಸುಂಡೆ ಹೊತ್ತು ವಾಪಸು ಬಂದರು. ಇಮಾಂಸಾಬರು ನನಗೆ ಹೊಡೆಯಲಿಲ್ಲ. ಅದೇ ಬಗೆಯ ತಂತಿ ಕಟ್ಟಿಸಿ, "ಏರ್ಸು ಆರು ಮನೆಗೆ. ಮುಖ ಹತ್ರ ಇಟ್ಕಂಡು ನುಡ್ಸು" ಅಂದರು. ನಾನು ಕಣ್ಣು ಮುಚ್ಚಿಕೊಂಡು ಕಮಾನು ಎಳೆದೆ. ಆಗ ಅವರು, "ಮೊದ್ಲು ಗಂಟ್ಲು ಕೇಳೋ ಬೇವಕೂಫ್, ಆಮ್ಯಾಲೆ ತಂತಿ ತೆಗಿ" ಅಂದರು. ಅಷ್ಟು ಹೊತ್ತಿಗೆ ನನ್ನ ಅಂಗಿಯೆಲ್ಲ ಬೆವರಿನಲ್ಲಿ ತೊಯ್ದಿತ್ತು.

ನಾನು ಕಲಿತೆ, ಆದರೆ ಗಿರಾಕಿಗಳು ಕಲಿಯಬೇಕಲ್ಲ! ಸೂಳೆಕೆರೆ ಕಡೆಯ ಭಜನಾ ಮಂಡಳಿಯವನೊಬ್ಬ ಹರಿದ ತಂತಿಯ ಜಾಗಕ್ಕೆ ಮೀನು ಹಿಡಿಯುವ ಗಾಳದ ದಾರ ಕಟ್ಟಿಕೊಂಡು ಬಂದ. "ಎಂಟು ಕೇಜಿ ಮೀನು ಎಳೆದ್ರೂ ಹರಿಯಂಗಿಲ್ರೀ ಇದು" ಅಂತ ನನಗೇ ಪಾಠ ಹೇಳಿದ. ಹರಿಯದು ಸರಿ ಮಾರಾಯಾ, ನುಡಿಯಬೇಕಲ್ಲ? ಕಮಾನು ಆಡಿಸಿದರೆ ಮಳೆಗಾಲದ ಕಪ್ಪೆಯೂ ನಾಚಬೇಕು, ಅಂಥ ದನಿ. ಅವನಿಗೆ ಮಾತ್ರ ಏನೂ ಕೊರತೆ ಕಾಣಲಿಲ್ಲ. ಇನ್ನೊಂದು ಕಡೆ, ಹೊನ್ನಾಳಿಯ ಒಂದು ಶಾಲೆಯ ಹೆಡ್‌ಮಾಸ್ತರು ಮಕ್ಕಳ ಮುಕ್ಕಾಲು ಅಳತೆಯ ಪಿಟೀಲುಗಳಿಗೆಲ್ಲ ದೊಡ್ಡ ಪಿಟೀಲಿನ ತಂತಿ ತರಿಸಿಟ್ಟಿದ್ದರು. ಫೋನಿನಲ್ಲಿ ನೋಡಿ ತರಿಸಿದ್ದಂತೆ, ಹೊರದೇಶದ್ದಂತೆ, ಐದು ನಕ್ಷತ್ರ ಬಂದಿದೆಯಂತೆ. "ಸಾರ್, ಅಳತೆ ನೋಡ್ಬೇಕಿತ್ತು" ಅಂದೆ. "ಉಳಿದದ್ದನ್ನ ಬಿರಡೆಗೆ ಸುತ್ತಿಬಿಡ್ರಿ, ಅದ್ರಾಗೇನೈತೆ?" ಅಂದರು. ಹೀಗೆ ಸುತ್ತಿ ಸುತ್ತಿ ಬಿರಡೆಗಳು ನೂಲಿನ ಉಂಡೆಗಳಾದವು, ಒಂದೂ ಶ್ರುತಿ ಹಿಡಿಯಲಿಲ್ಲ. ಕೊನೆಗೆ ಸಂಗೀತದ ಟೀಚರ್‌ಗೇ ಬೈಗುಳ ಬಿತ್ತು.

ಜಗಳೂರಿನ ಗೋಳು ಇನ್ನೊಂದು. ಆ ಕಡೆಯ ಒಣಗಾಳಿಗೆ ಬಿರಡೆಯ ಮರ ಕುಗ್ಗುತ್ತದೆ, ಕೂಡಿಸಿ ಕೈ ಬಿಡುವುದರೊಳಗೆ ಗರ್ರನೆ ಬಿಚ್ಚಿಕೊಳ್ಳುತ್ತದೆ. ಬಿರಡೆಗೆ ಒಂದಿಷ್ಟು ಸೀಮೆಸುಣ್ಣ ತಿಕ್ಕಿದರೆ ಮುಗಿಯಿತು. ಆದರೆ ಅಲ್ಲಿಂದ ಬಂದವರೆಲ್ಲ ಹೇಳುವುದು ಒಂದೇ: "ನಿಮ್ಮ ತಂತಿ ಸರಿಯಿಲ್ಲ." ಬಿರಡೆ ಜಾರಿದರೆ ತಂತಿ ಸರಿಯಿಲ್ಲ. ಕೈ ತಪ್ಪಿದರೂ ತಂತಿ ಸರಿಯಿಲ್ಲ, ಕಿವಿ ಕೆಟ್ಟರೂ ತಂತಿಯೇ ಸರಿಯಿಲ್ಲ. ಬಾಯಿಲ್ಲದ ವಸ್ತು ನೋಡಿ, ಯಾರು ಬೇಕಾದರೂ ಬೈಯಬಹುದು. ಅದನ್ನು ಮಾರಿದವನಿಗೆ ಬಾಯಿದೆ ಅನ್ನುವುದನ್ನು ಮಾತ್ರ ಮರೆಯುತ್ತಿದ್ದರು.

ಇವರೆಲ್ಲ ಒಂದು ತೂಕವಾದರೆ ನ್ಯಾಮತಿಯ ಹಾಲೇಶಪ್ಪ ಮೇಷ್ಟ್ರು ಒಬ್ಬರೇ ಒಂದು ತೂಕ.

ಮೇಷ್ಟ್ರು ಪ್ರಾಥಮಿಕ ಶಾಲೆಯಿಂದ ನಿವೃತ್ತರು, ಸಣ್ಣ ದನಿ, ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವರ ಹೆಂಡತಿ ಸರ್ವಮಂಗಳಮ್ಮ ಹಾಡುವವರು. ಸುತ್ತಿನ ಊರುಗಳಲ್ಲಿ ಮದುವೆಯಿರಲಿ, ಸೀಮಂತವಿರಲಿ, ಆಕೆಯ ಹಾಡು ಇರಲೇಬೇಕು. ಮನೆಯಲ್ಲಿ ಪಾಠವನ್ನೂ ಹೇಳುತ್ತಿದ್ದರು. ಮದುವೆಯಾದಾಗಿನಿಂದ ಆಕೆಗೆ ಪಿಟೀಲು ನುಡಿಸುತ್ತ ಬಂದವರು ಮೇಷ್ಟ್ರೇ. ಆಕೆಯ ಶ್ರುತಿ ಐದೂವರೆ ಮನೆ. ಅದು ನನಗೇನು, ಬಸ್ ಸ್ಟ್ಯಾಂಡಿನ ಟೀ ಅಂಗಡಿಯವನಿಗೂ ಗೊತ್ತಿತ್ತು. ಆಕೆ ಅದನ್ನು ಹೇಳಿಕೊಳ್ಳುತ್ತಿದ್ದ ರೀತಿ ಹಾಗಿತ್ತು. "ಐವತ್ತು ದಾಟಿದ್ರೂ ಐದೂವರೆ ಬಿಟ್ಟು ಒಂದು ಕೂದಲೆಳೆ ಇಳಿದಿಲ್ಲ" ಅನ್ನುತ್ತಿದ್ದರು.

ಐದೂವರೆ ಅಂದ ಮೇಲೆ ನಾನು ತೆಳ್ಳನೆಯ ತಂತಿ ಕೊಡುತ್ತಿದ್ದೆ. ಅಂಗಡಿಯಲ್ಲೇ ಐದೂವರೆಗೆ ಕೂಡಿಸಿ ನುಡಿಸಿ ತೋರಿಸುತ್ತಿದ್ದೆ, ಬೆಳ್ಳಿಯ ಗೆಜ್ಜೆಯಂತೆ ನುಡಿಯುತ್ತಿತ್ತು. ಮೇಷ್ಟ್ರು ತಲೆಯಾಡಿಸಿ ತೆಗೆದುಕೊಂಡು ಹೋಗುವರು. ಮುಂದಿನ ವಾರ ಅದೇ ಮುಖ, ಅದೇ ಪೆಟ್ಟಿಗೆ.

"ರುದ್ರಣ್ಣ, ಯಾಕೋ ಸಡ್ಲ ಅನ್ನಿಸ್ತೈತೆ."

"ಎಷ್ಟು ಮನೆಗೆ ಕೂಡಿಸ್ತೀರಿ ಮೇಷ್ಟ್ರೇ?"

"ಐದೂವರೆ."

"ಐದೂವರೆಗೆ ಸಡ್ಲ ಹೆಂಗಾಗ್ತೈತ್ರೀ?"

"ಆಗ್ತೈತೆ. ಸ್ವಲ್ಪ ದಪ್ಪಂದು ಕೊಡಾಕೆ ಬರ್ತೈತೇನು?"

"ದಪ್ಪಂದು ಕೊಟ್ರೆ ಐದೂವರೆಗೆ ಹರಿದು ಹೋಗ್ತೈತೆ. ಆಮೇಲೆ ನಿಮ್ಮ ಕಣ್ಣಿಗೆ ನಾನು ಜವಾಬ್ದಾರನೇನು?"

ಮೇಷ್ಟ್ರು ಪೆಟ್ಟಿಗೆ ಮುಚ್ಚಿಕೊಂಡು ಎದ್ದು ಹೋಗುವರು. ಹೀಗೆ ಒಂದಲ್ಲ ಎರಡಲ್ಲ, ಆರು ವರ್ಷ! ಪಿಟೀಲು ತರುವಾಗ ಬಸ್ಸಿನಲ್ಲಿ ಕುಲುಕುತ್ತದೆ ಅಂತ ತಂತಿಗಳನ್ನು ಪೂರ್ತಿ ಸಡಿಲಿಸಿ ತರುತ್ತಿದ್ದರು, ಆದ್ದರಿಂದ ಮನೆಯಲ್ಲಿ ಎಷ್ಟಕ್ಕೆ ಕೂಡಿಸಿದ್ದಾರೆಂದು ನನಗೆ ತಿಳಿಯುವ ದಾರಿಯೇ ಇರಲಿಲ್ಲ. ಎದುರಿಗೆ ಬೈಯಲಾರೆ, ಮೇಷ್ಟ್ರು. ಅವರು ಹೋದ ಮೇಲೆ ಗೋಡೆಗೆ ಬೈಯುತ್ತಿದ್ದೆ.

ಅಂಗಡಿ ಮುಚ್ಚುವ ಹಿಂದಿನ ವರ್ಷ, ನವರಾತ್ರಿಗೆ ಮೂರು ವಾರ ಇದ್ದಾಗ ಮತ್ತೆ ಬಂದರು. ಅಂದು ಮುಖ ಸಪ್ಪಗಿತ್ತು. ಕುರ್ಚಿಯಲ್ಲಿ ಕುಳಿತು ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಈ ಸಲ ನವರಾತ್ರಿ ಕಾರ್ಯಕ್ರಮಕ್ಕೆ ಆಕೆ ದಾವಣಗೆರೆಯಿಂದ ಬೇರೆ ಪಿಟೀಲಿನವರನ್ನ ಕರಸ್ತಾಳಂತೆ" ಅಂದರು. "ನನ್ನ ಪಿಟೀಲು ಕೊಯ್‌ಗುಟ್ಟುತೈತಂತೆ. ಕೈ ಕೆಟ್ಟೈತಂತೆ. ಜನರ ಮುಂದೆ ಮರ್ಯಾದೆ ಹೋಗ್ತೈತಂತೆ. ಮೂರು ವಾರದಾಗೆ ಸರಿಮಾಡಿಕೊಂಡ್ರೆ ಸರಿ, ಇಲ್ಲಾಂದ್ರೆ ಕೆಳಗೆ ಕುಂತು ಕೇಳ್ರಿ ಅಂದ್ಲು."

ಮೂವತ್ತೈದು ವರ್ಷ ಆಕೆಯ ಎಡಗಡೆ ಕುಳಿತು ನುಡಿಸಿದ ಮನುಷ್ಯ. ನನಗೆ ಅಯ್ಯೋ ಅನ್ನಿಸಿತು. ಅದರ ಹಿಂದೆಯೇ ಸಿಟ್ಟೂ ಬಂತು. "ಮೇಷ್ಟ್ರೇ, ನನ್ನ ಹತ್ರ ಏನೋ ಮುಚ್ಚಿಡ್ತಾ ಇದ್ದೀರಿ. ಡಾಕ್ಟ್ರ ಹತ್ರ ನೋವು ಎಲ್ಲೈತೆ ಅಂತ ಹೇಳ್ದೆ ಔಷಧ ಕೇಳಿದಂಗಾತು ಇದು. ನಿಜ ಹೇಳ್ರಿ, ಎಷ್ಟು ಮನೆ?" ಅಂತ ಗದರಿಬಿಟ್ಟೆ.

ಅವರು ಬಾಯಿ ತೆರೆದರು. ಅಷ್ಟರಲ್ಲಿ ಪಕ್ಕದ ಅಡಿಕೆ ಮಂಡಿಯ ಇಬ್ಬರು ಹರಟೆಗೆಂದು ಒಳಗೆ ಬಂದು ಬೆಂಚಿನ ಮೇಲೆ ಕುಳಿತರು. ಮೇಷ್ಟ್ರು ಬಾಯಿ ಮುಚ್ಚಿದರು. "ಐದೂವರೆ" ಅಂದು ಹೊರಟೇಹೋದರು. ನಾನು ಕೊಟ್ಟದ್ದು ಮತ್ತೆ ಅದೇ ತೆಳ್ಳನೆಯ ತಂತಿ.

ಕಾರ್ಯಕ್ರಮದ ಹಿಂದಿನ ದಿನ ಮಧ್ಯಾಹ್ನ ಸರ್ವಮಂಗಳಮ್ಮ ತಾವೇ ಅಂಗಡಿಗೆ ಬಂದರು. ಕೈಯಲ್ಲಿ ಶ್ರುತಿ ಪೆಟ್ಟಿಗೆ. ಕರೆಂಟಿನದು, ಹಳೆಯದು, ಎಷ್ಟು ಮನೆ ಬೇಕೋ ಅಷ್ಟಕ್ಕೆ ತಿರುಗಿಸಲು ಮೇಲೆ ಒಂದು ಪ್ಲಾಸ್ಟಿಕ್ ಗುಂಡಿ.

"ಬೆಳಿಗ್ಗೆಯಿಂದ ಗೊರಗೊರ ಅಂತೈತ್ರೀ. ಇವರು ಸೊಕ್ಕೆಗೆ ತಂಗಿ ಮನೆಗೆ ಹೋಗ್ಯಾರೆ, ನಾಳೆ ಸಂಜೆಗೆ ಬರ್ತಾರೆ. ನಾಳೆನೇ ಕಾರ್ಯಕ್ರಮ. ಇವತ್ತೇ ಮಾಡಿಕೊಡ್ರಿ" ಅಂದರು. ಮೇಷ್ಟ್ರ ವಿಷಯ ಎತ್ತಿದೆ. "ಬ್ಯಾಡ ರುದ್ರಣ್ಣ. ನನಗೇನು ಸಂತೋಷವೇ? ಆರು ವರ್ಷದಿಂದ ಹೇಳಿ ಹೇಳಿ ಸಾಕಾಗೈತೆ. ಅವರ ಕೈಯಾಗೆ ಮೊದಲಿನ ಕಸುವಿಲ್ಲ" ಅಂದರು. ಹೇಳುವಾಗ ದನಿ ಗಡುಸಾಗಿತ್ತು, ಕಣ್ಣು ಮಾತ್ರ ತುಂಬಿಕೊಂಡಿತ್ತು.

ಪೆಟ್ಟಿಗೆ ಬಿಚ್ಚಿದೆ. ಒಂದು ವೈರಿನ ಬೆಸುಗೆ ಬಿಟ್ಟಿತ್ತು, ಹಾಕಿದೆ. ಮುಚ್ಚಿ, ಗುಂಡಿಯನ್ನು ಐದೂವರೆಗೆ ತಿರುಗಿಸಿ ಫೋನಿನಲ್ಲಿ ಶ್ರುತಿ ನೋಡಿದೆ. ಫೋನು ನಾಲ್ಕು ಮನೆ ತೋರಿಸಿತು. ಮತ್ತೆ ನೋಡಿದೆ, ನಾಲ್ಕೇ. ಗುಂಡಿಯನ್ನು ಯಾರೋ ಕಿತ್ತು ತಿರುಗಿಸಿ, ಅಂಟು ಹಾಕಿ ಕೂರಿಸಿದ್ದರು. ಯಾವನೋ ವಿದ್ಯೆ ಬಾರದ ರಿಪೇರಿಯವನ ಕೆಲಸ ಅಂತ ತಿಳಿದು ಅವನಿಗೆ ನಾಲ್ಕು ಮಾತು ಬೈದೆ. ಅಂಟು ಕೆರೆದು, ಗುಂಡಿಯನ್ನು ಸರಿಯಾಗಿ ಕೂರಿಸಿದೆ. ಐದೂವರೆ ಅಂದರೆ ಅಚ್ಚ ಐದೂವರೆ. ಆರು ವರ್ಷ ಮೇಷ್ಟ್ರ ಪಿಟೀಲು ಸಡಿಲ ಅನ್ನಿಸಿದ್ದು ಏಕೆಂದು ಆ ಕ್ಷಣ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನೆಟ್ಟಗೆ ಮಾಡಿದೆ ಅನ್ನುವ ಜಂಬದಲ್ಲಿ ಇದ್ದೆ. ಓದುತ್ತಿರುವ ಹುಡುಗಿಯೇ, ಇಲ್ಲಿ ಗಮನಿಸು: ಸೊಟ್ಟ ಇರುವುದನ್ನು ಕಂಡ ಕೂಡಲೇ ನೆಟ್ಟಗೆ ಮಾಡಬೇಡ. ಸೊಟ್ಟ ಮಾಡಿದವರು ಯಾರು, ಯಾಕೆ ಅಂತ ಒಂದು ಮಾತು ಕೇಳು.

ಆಕೆ ನಾಳೆಯವರೆಗೆ ಗಂಟಲಿಗೆ ವಿಶ್ರಾಂತಿ ಅಂದುಕೊಂಡು, ಒಂದು ಸ್ವರವನ್ನೂ ಹಾಡಿ ನೋಡದೆ ಪೆಟ್ಟಿಗೆ ತೆಗೆದುಕೊಂಡು ಹೋದರು.

ಮಾರನೆಯ ದಿನ ನಾನೂ ಅಂಗಡಿ ಬೇಗ ಮುಚ್ಚಿ ನ್ಯಾಮತಿಗೆ ಹೋದೆ. ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಸರ್ವಮಂಗಳಮ್ಮ, ಎಡಗಡೆ ದಾವಣಗೆರೆಯ ಪಿಟೀಲಿನವರು, ಒಳ್ಳೆಯ ಹೆಸರಿರುವ ಗಟ್ಟಿ ಕೈಯವರು. ಮೇಷ್ಟ್ರು ಮೂರನೆಯ ಸಾಲಿನಲ್ಲಿ ಕೈಕಟ್ಟಿ ಕುಳಿತಿದ್ದರು. ಸೊಕ್ಕೆಯಿಂದ ನೇರವಾಗಿ ಅಲ್ಲಿಗೇ ಬಂದಿದ್ದರಂತೆ. ನಾನು ಪಕ್ಕದಲ್ಲಿ ಕುಳಿತೆ.

ಮೊದಲ ಹಾಡು ಕೆಳಗಿನ ಸ್ವರಗಳಲ್ಲೇ ಇತ್ತು, ಹೇಗೋ ಹೋಯಿತು. ಎರಡನೆಯದರಲ್ಲಿ ಮೇಲಿನ ಷಡ್ಜಕ್ಕೆ ಏರಬೇಕು. ಆಕೆ ಏರಿದರು, ಗಂಟಲು ಒಡೆಯಿತು. ಕೆಮ್ಮಿ, ನೀರು ಕುಡಿದು, ಮತ್ತೆ ಏರಿದರು. ಮತ್ತೆ ಒಡೆಯಿತು. ಸಭೆ ಪಿಸುಗುಟ್ಟತೊಡಗಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಆಕೆಯ ಶಿಷ್ಯೆಯರು ತಲೆ ತಗ್ಗಿಸಿದರು. ಆಕೆಯ ಮುಖದ ಮೇಲೆ ನಾನು ಕಂಡದ್ದು ಹೆದರಿಕೆ. ಮೂವತ್ತು ವರ್ಷದಲ್ಲಿ ಆಕೆಯ ಮುಖದ ಮೇಲೆ ಅದನ್ನು ನಾನು ಕಂಡಿರಲಿಲ್ಲ.

ಮೇಷ್ಟ್ರು ಬೆಂಚಿನ ಅಂಚಿಗೆ ಬಂದಿದ್ದರು. "ಏನಾತು? ಹೆಂಗಾತು ಇದು?" ಅಂತ ತಮ್ಮಷ್ಟಕ್ಕೇ ಅನ್ನುತ್ತಿದ್ದರು. ನಾನು, "ನಿನ್ನೆ ಶ್ರುತಿ ಪೆಟ್ಟಿಗೆ ನಾನೇ ನೋಡೀನಿ ಮೇಷ್ಟ್ರೇ, ಪೆಟ್ಟಿಗೆಯಾಗೆ ದೋಷ ಇಲ್ಲ. ಗುಂಡಿ ಸೊಟ್ಟ ಇತ್ತು, ನೆಟ್ಟಗೆ ಕೂರಿಸೀನಿ" ಅಂದೆ.

ಅವರು ನನ್ನ ಕಡೆ ತಿರುಗಿದರು. "ಅಯ್ಯೋ ಪುಣ್ಯಾತ್ಮಾ!" ಅಂದರು. ಅಷ್ಟೇ ಅಂದದ್ದು. ಆಗ ನನಗೆ ಎಲ್ಲ ತಿಳಿಯಿತು: ಕಂಠ ಇಳಿದದ್ದು ಆಕೆಗೇ ತಿಳಿಯದಿರಲಿ ಅಂತ ಗುಂಡಿ ಸೊಟ್ಟ ಮಾಡಿದವರು ಇವರೇ. ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಮೇಷ್ಟ್ರು ಎದ್ದು ನೇರವಾಗಿ ವೇದಿಕೆ ಹತ್ತಿದರು. ಆ ಸಣ್ಣ ದನಿಯ ಮನುಷ್ಯ ಮೈಕಿಗೆ ಬಾಗಿ, "ತಪ್ಪು ನನ್ನದು. ಪೆಟ್ಟಿಗೆ ಕೆಟ್ಟೈತೆ ಅಂತ ಮೊದ್ಲೇ ಹೇಳಬೇಕಿತ್ತು. ದಯವಿಟ್ಟು ಎರಡು ನಿಮಿಷ ಕುಂದ್ರಿ" ಅಂದರು. ಮಂಡಿಯೂರಿ ಕುಳಿತು ಗುಂಡಿಯನ್ನು ಐದೂವರೆಯಿಂದ ಇಳಿಸಿ ನಾಲ್ಕಕ್ಕೆ ತಂದು ನಿಲ್ಲಿಸಿದರು. ಸರ್ವಮಂಗಳಮ್ಮ ಅವರ ಬೆರಳನ್ನೇ ನೋಡುತ್ತಿದ್ದರು. ಗುಂಡಿ ನಿಂತ ಅಂಕಿಯನ್ನೂ ನೋಡಿದರು. ಮೇಷ್ಟ್ರು ಆಕೆಯ ಮುಖ ನೋಡದೆ ಇಳಿದು ಬಂದರು.

ದಾವಣಗೆರೆಯವರು ತಂತಿ ಇಳಿಸಿ ನಾಲ್ಕಕ್ಕೆ ಕೂಡಿಸಿಕೊಂಡರು. ಆಕೆ ಹಾಡಿದರು. ಮೇಲಿನ ಷಡ್ಜಕ್ಕೆ ಹೋಗಿ ನಿಂತರೆ ಕಂಠ ಅಲುಗಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಆದರೆ ಪಿಟೀಲು ಕೊಯ್‌ಗುಟ್ಟತೊಡಗಿತು. ಐದೂವರೆಗೆಂದು ಹಾಕಿಕೊಂಡು ಬಂದ ತೆಳ್ಳನೆಯ ತಂತಿ, ನಾಲ್ಕಕ್ಕೆ ಇಳಿಸಿದರೆ ಇನ್ನೇನಾಗುತ್ತದೆ? ಅಷ್ಟು ದೊಡ್ಡ ವಿದ್ವಾಂಸರ ಕೈಯಲ್ಲೂ ಅದೇ ಸಡಿಲ, ಅದೇ ಜಾರು, ಅದೇ ಕೊಯ್. ಅವರು ಮತ್ತೆ ಮತ್ತೆ ಬಿರಡೆ ತಿರುಗಿಸುತ್ತ ಬೆವರು ಒರೆಸಿಕೊಂಡರು.

ಹಾಡು ಮುಗಿಸಿ ಸರ್ವಮಂಗಳಮ್ಮ ಆ ಪಿಟೀಲನ್ನು ಒಂದು ಗಳಿಗೆ ನೋಡಿದರು. ಆಮೇಲೆ ಮೂರನೆಯ ಸಾಲಿನ ಕಡೆ ನೋಡಿದರು. ಕಾರ್ಯಕ್ರಮವನ್ನು ಕೊನೆಯವರೆಗೂ ನಾಲ್ಕು ಮನೆಗೇ ಹಾಡಿದರು, ಗುಂಡಿ ಮುಟ್ಟಲಿಲ್ಲ.

ವಾರವಾದ ಮೇಲೆ ಗಂಡಹೆಂಡತಿ ಇಬ್ಬರೂ ಅಂಗಡಿಗೆ ಬಂದರು. ಪಿಟೀಲಿನ ಪೆಟ್ಟಿಗೆ ಆಕೆಯ ಕೈಯಲ್ಲಿತ್ತು. ಮಂಡಿಯ ಆ ಇಬ್ಬರೂ ಬೆಂಚಿನ ಮೇಲೆ ಹಾಜರಿದ್ದರು. ಆಕೆ ಅವರಿಗೂ ಕೇಳುವಂತೆ, "ರುದ್ರಣ್ಣ, ನಾಲ್ಕು ಮನೆಗೆ ತಂತಿ ಕೊಡ್ರಿ" ಅಂದರು.

ಮೇಷ್ಟ್ರು, "ಸ್ವಲ್ಪ ಮೆಲ್ಲಕೆ" ಅಂದರು.

"ಯಾಕೆ ಮೆಲ್ಲಕೆ? ನಾಲ್ಕು ಅಂದ್ರೆ ನಾಲ್ಕು. ಕದ್ದ ಮಾಲೇನು ಅದು?"

ನನಗೆ ತಡೆಯಲಾಗಲಿಲ್ಲ. "ಅಲ್ರೀ ಮೇಷ್ಟ್ರೇ, ಆರು ವರ್ಷ ನನ್ನ ಪ್ರಾಣ ತಿಂದ್ರಲ್ಲ, ನನ್ನ ಕಿವಿಯಾಗಾದ್ರೂ ಹೇಳಬಾರದಿತ್ತೇನು?" ಅಂದೆ.

"ನಿಮಗೆ ಹೇಳಿದ್ರೆ ನಾನು ಬಸ್ ಇಳಿಯೋದ್ರೊಳಗೆ ಸುದ್ದಿ ಮನಿ ಮುಟ್ಟಿರೋದು" ಅಂದರು. ಬೆಂಚಿನ ಮೇಲಿದ್ದವರು ಹೋ ಅಂತ ನಕ್ಕರು. ನನಗೆ ನಗು ಬರಲಿಲ್ಲ. ಗಿರಾಕಿ ತನ್ನ ಶ್ರುತಿಯನ್ನು ನಂಬಿ ಹೇಳುವಂಥ ಬಾಯಿ ನನ್ನದಾಗಿರಲಿಲ್ಲ. ನಲವತ್ತು ವರ್ಷದ ಅಂಗಡಿಯಲ್ಲಿ ನನಗೆ ಬಿದ್ದ ದೊಡ್ಡ ಪೆಟ್ಟು ಅದು.

ದಪ್ಪನೆಯ ತಂತಿ ತೆಗೆದೆ. ನಾಲ್ಕಕ್ಕೆ ಕೂಡಿಸಿ ಪಿಟೀಲನ್ನು ಮೇಷ್ಟ್ರ ಕೈಗೆ ಕೊಟ್ಟೆ. ಅವರು ಅಲ್ಲೇ ಸ್ಟೂಲಿನ ಮೇಲೆ ಕುಳಿತು ಕಮಾನು ಎಳೆದರು. ತುಂಬು ದನಿ, ಎಲ್ಲಿಯೂ ಜಾರಲಿಲ್ಲ, ಒಂದಿಷ್ಟೂ ಕೊಯ್ ಅನ್ನಲಿಲ್ಲ. ಕೈಯ ಕಸುವು ಎಲ್ಲಿಗೂ ಹೋಗಿರಲಿಲ್ಲ. ಸರ್ವಮಂಗಳಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

"ಆರು ವರ್ಷ ನಿಮ್ಮನ್ನ ಎಷ್ಟು ಬೈದೆ ರೀ" ಅಂದರು. "ಮಂದಿ ಮುಂದೆ ಬೈದೆ, ಮಕ್ಕಳ ಮುಂದೆ ಬೈದೆ. ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?"

ಮೇಷ್ಟ್ರು ಕಮಾನು ನಿಲ್ಲಿಸಲಿಲ್ಲ.

"ಆರು ವರ್ಷದ ಹಿಂದೆ ಒಂದು ದಿನ ಗಂಟಲು ಒಡೆದಾಗ ಇನ್ನು ಹಾಡೋದೇ ಇಲ್ಲ ಅಂತ ಅಡಿಗಿ ಮನಿಯಾಗೆ ಕುಂತು ಅತ್ತಿದ್ದಿಯಲ್ಲ" ಅಂದರು. "ಬೈದ್ರೆ ಬೈದಿ ಬಿಡು. ಹಾಡಿದಿಯಲ್ಲ."